ತುಮಕೂರಿನ ಓಡಾಟಕ್ಕೆ ಡೀಸೆಲ್ ಕಾರೋ, ಟರ್ಬೊ ಪೆಟ್ರೋಲೋ?

ಬಟವಾಡಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಹಳೆಯ ಕಾರು ಕೊಟ್ಟು ಹೊಸದು ತೆಗೆದುಕೊಳ್ಳಬೇಕು ಅಂತಿದ್ದೇನೆ. ನಾಲ್ಕು ಮೀಟರ್ ಒಳಗಿನ ಎಸ್‌ಯುವಿ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನೆಕ್ಸಾನ್ ಮತ್ತು ಮಹೀಂದ್ರ 3ಎಕ್ಸ್‌ಒ ಎರಡನ್ನೂ ನೋಡಿ ಬಂದೆವು. ಎರಡರಲ್ಲೂ ಟರ್ಬೊ ಪೆಟ್ರೋಲ್ ಇದೆ, ಡೀಸೆಲ್ಲೂ ಇದೆ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ.

ನಮ್ಮ ಓಡಾಟ ಹೀಗಿದೆ. ನಾನು ವಸಂತನರಸಾಪುರಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುತ್ತೇನೆ. ವಾರದ ದಿನಗಳಲ್ಲಿ ಕಾರು ಹೆಂಡತಿಯ ಕೈಯಲ್ಲಿ. ಮಕ್ಕಳ ಶಾಲೆ, ಎಂ.ಜಿ. ರಸ್ತೆ, ಅಶೋಕ ರಸ್ತೆ, ಸಂಜೆ ಎಸ್‌ಐಟಿ ಕಾಲೇಜಿನ ಕಡೆ ಟ್ಯೂಷನ್. ಒಂದೊಂದು ಓಟ ಮೂರು ನಾಲ್ಕು ಕಿಲೋಮೀಟರ್, ಅಷ್ಟೇ. ವಾರಕ್ಕೊಮ್ಮೆ ಪಾವಗಡಕ್ಕೆ ಅಮ್ಮನ ಮನೆಗೆ ಹೋಗುತ್ತೇವೆ. ಕೊರಟಗೆರೆ, ಮಧುಗಿರಿ ಮೇಲೆ ಹೋದರೆ ಒಂದು ಕಡೆಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಎಲ್ಲ ಸೇರಿ ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟುತ್ತದೆ.

ಮೈಲೇಜ್ ಬೇಕು. ಆದರೆ ಮಧುಗಿರಿ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡಾಗ ಧೈರ್ಯವಾಗಿ ಮುಂದೆ ಹೋಗುವಷ್ಟು ದಮ್ಮೂ ಬೇಕು. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇರುತ್ತದೆ. ಷೋರೂಮಿನಲ್ಲಿ ಟರ್ಬೊ ಪೆಟ್ರೋಲ್ ಹದಿನೇಳು ಹದಿನೆಂಟು ಕೊಡುತ್ತದೆ ಅಂದರು. ನಮ್ಮ ಭಾವ ಹನ್ನೊಂದು ದಾಟಲ್ಲ ಅನ್ನುತ್ತಾರೆ. ಯಾರ ಮಾತು ನಂಬಲಿ?

ಗುಬ್ಬಿ ಗೇಟ್ ಮೆಕ್ಯಾನಿಕ್

ಇಬ್ಬರ ಮಾತೂ ನಿಜ. ಒಂದೇ ಕಾರು ಎರಡನ್ನೂ ಕೊಡುತ್ತದೆ.

ಟರ್ಬೊ ಪೆಟ್ರೋಲ್ ಅಂದರೆ ಮೂಲದಲ್ಲಿ ಚಿಕ್ಕ ಎಂಜಿನ್. 1000 ಸಿಸಿ, 1200 ಸಿಸಿ. ಆರಾಮಾಗಿ ಎಂಬತ್ತರಲ್ಲಿ ಹೋಗುವಾಗ ಅದು ಚಿಕ್ಕ ಎಂಜಿನ್ ತರಹವೇ ಕುಡಿಯುತ್ತದೆ. ಆಗ ಷೋರೂಮಿನವರ ಲೆಕ್ಕ ಸರಿ. ಕಾಲು ಒತ್ತಿದ ತಕ್ಷಣ ಟರ್ಬೊ, ಅಂದರೆ ಹೊಗೆಯ ಬಲದಿಂದ ತಿರುಗುವ ಗಾಳಿ ಪಂಪು, ಎಂಜಿನ್ ಒಳಗೆ ಗಾಳಿ ತುರುಕಲು ಶುರು ಮಾಡುತ್ತದೆ. ಗಾಳಿ ಜಾಸ್ತಿ ಆದ ಮೇಲೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹಾಕಲೇಬೇಕು. ಪೂರ್ತಿ ಒತ್ತಡದಲ್ಲಿ ಓಡುವಾಗ ಎಂಜಿನ್ ಒಳಗೆ ಶಾಖ ಏರುತ್ತದೆ, ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಎಂಜಿನ್ ಬಡಿಯುವ ಅಪಾಯ ಇರುತ್ತದೆ. ಹಾಗಾಗಿ ಕಂಪ್ಯೂಟರ್ ಕಿಡಿ ಹಾರುವ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ತಣ್ಣಗಿಡಲು ಅಂತಲೇ ಒಂದಿಷ್ಟು ಹೆಚ್ಚುವರಿ ಪೆಟ್ರೋಲ್ ಕೂಡ ಹೋಗುತ್ತದೆ. ಆಗ ನಿಮ್ಮ ಭಾವನ ಲೆಕ್ಕ ಸರಿ.

ಸಿಟಿಯಲ್ಲಿ ಪ್ರತಿ ಸಿಗ್ನಲ್ಲಿಂದ ಎಳೆಯುವಾಗಲೂ ಟರ್ಬೊ ಎದ್ದೇಳುತ್ತದೆ. ಬಿ.ಎಚ್. ರಸ್ತೆಯಲ್ಲಿ ಬಟವಾಡಿಯಿಂದ ಟೌನ್‌ಹಾಲ್ ತನಕ ಸಂಜೆ ಆರಕ್ಕೆ ಹೋಗಿ ನೋಡಿ, ಮೀಟರಿನಲ್ಲಿ ಎರಡಂಕಿ ನೋಡುವುದೇ ಕಷ್ಟ.

ಡೀಸೆಲ್ ಹಾಗಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಬರುವ ದಾರಿಗೆ ಥ್ರಾಟಲ್ ಎಂಬ ಬಾಗಿಲಿದೆ. ನಿಧಾನ ಹೋಗುವಾಗ ಅದು ಮುಕ್ಕಾಲು ಮುಚ್ಚಿರುತ್ತದೆ. ಆ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಶಕ್ತಿ ಹಾಳಾಗುತ್ತದೆ. ಡೀಸೆಲ್‌ನಲ್ಲಿ ಗಾಳಿ ಪೂರ್ತಿ ಬರುತ್ತದೆ, ಬೇಕಾದಷ್ಟು ಡೀಸೆಲ್ ಮಾತ್ರ ಚಿಮ್ಮುತ್ತದೆ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತುತ್ತದೆ. ಟರ್ಬೊ ಪೆಟ್ರೋಲ್‌ನಲ್ಲಿ ಅದು ಹತ್ತರ ಆಸುಪಾಸು. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಇರುತ್ತದೆ. ಈ ಮೂರೂ ಸೇರಿಯೇ ಆ ಮೈಲೇಜ್ ಬರುವುದು.

ಇನ್ನೊಂದು ಮಾತು. ಈಗಿನ ಕಾರುಗಳ ಡೀಸೆಲ್ ಎಂಜಿನ್‌ನಲ್ಲೂ ಟರ್ಬೊ ಇದ್ದೇ ಇದೆ. "ಟರ್ಬೊ ಕೈಕೊಡುತ್ತೆ, ಅದಕ್ಕೆ ಡೀಸೆಲ್ ತಗೊಳ್ತೀನಿ" ಅನ್ನುವವರು ನಮ್ಮಲ್ಲಿ ವಾರಕ್ಕೊಬ್ಬರಾದರೂ ಬರುತ್ತಾರೆ. ಆ ಕಾರಣಕ್ಕೆ ಡೀಸೆಲ್ ತೆಗೆದುಕೊಳ್ಳಬೇಡಿ.

ಮಧುಗಿರಿ ಮೇಷ್ಟ್ರು

ನೀವು ಕೊಟ್ಟ ವಿವರ ಚೆನ್ನಾಗಿದೆ, ಲೆಕ್ಕ ಹಾಕಲು ಸುಲಭ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ಪಾವಗಡದ ಓಟ ತಿಂಗಳಿಗೆ 800 ಕಿಲೋಮೀಟರ್, ಊರೊಳಗೆ 250.

ಟರ್ಬೊ ಪೆಟ್ರೋಲ್ ಹೊರಗೆ 16, ಊರೊಳಗೆ ಹತ್ತೂವರೆ ಕೊಡುತ್ತದೆ ಅನ್ನೋಣ. ಸುಮಾರು 74 ಲೀಟರ್ ಬೇಕು. ತಿಂಗಳಿಗೆ 7,600 ರೂಪಾಯಿ. ಡೀಸೆಲ್ ಹೊರಗೆ 20, ಊರೊಳಗೆ 14 ಅನ್ನೋಣ. 58 ಲೀಟರ್. 5,270 ರೂಪಾಯಿ. ವ್ಯತ್ಯಾಸ ತಿಂಗಳಿಗೆ 2,330, ವರ್ಷಕ್ಕೆ 28,000. ಡೀಸೆಲ್ ಕಾರಿಗೆ ಆನ್‌ರೋಡ್, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ, ಒಂದೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಐದು ವರ್ಷ ಚಿಲ್ಲರೆಯಲ್ಲಿ ವಾಪಸ್. ಆಮೇಲೆ ಉಳಿತಾಯ.

ನಿಮ್ಮ ಮೈಲೇಜ್ ಬೇರೆ ಇದ್ದರೆ ಆ ಸಂಖ್ಯೆ ಹಾಕಿಕೊಳ್ಳಿ. ಲೆಕ್ಕದ ದಾರಿ ಇದೇ. ನನ್ನ ಪ್ರಕಾರ ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡುತ್ತೀರಿ ಅನ್ನುವುದೊಂದೇ ಮುಖ್ಯ. ಸಾವಿರ ದಾಟಿದರೆ ಡೀಸೆಲ್.

ಒಂದು ಕಾಲಕ್ಕೆ ಈ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. 2012ರಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿ ಅಂತರ ಇತ್ತು. ಕಣ್ಮುಚ್ಚಿ ಡೀಸೆಲ್ ಕೊಳ್ಳುತ್ತಿದ್ದರು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಹಿಡಿತ ಬಿಟ್ಟಿತು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ, ಮತ್ತೆ 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು. ಅಲ್ಲಿಗೆ ಅಂತರ ಹನ್ನೆರಡು ರೂಪಾಯಿ ಆಸುಪಾಸಿಗೆ ಬಂತು.

ಕೋಲಾರದ ಹೈವೇ

ಮೇಷ್ಟ್ರ ಲೆಕ್ಕ ಸರಿ, ಆದರೆ ಅವರು ದಮ್ಮಿನ ವಿಷಯ ಮುಟ್ಟಲೇ ಇಲ್ಲ. ಕೇಳಿದವರು ಅದನ್ನೂ ಕೇಳಿದ್ದಾರೆ ಅಲ್ವಾ?

ನಾನು ಓಡಿಸುವುದು ಟರ್ಬೊ ಪೆಟ್ರೋಲ್. ಕೋಲಾರದಿಂದ ಬೆಂಗಳೂರಿಗೆ ಆಗಾಗ ಹೋಗುತ್ತೇನೆ. ಅದರ ಖುಷಿಯೇ ಬೇರೆ. ಡೀಸೆಲ್ ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ದಾಟುವಾಗಲೇ ಸುಸ್ತಾಗುತ್ತದೆ, ಗೇರ್ ಬದಲಿಸಿ ಅನ್ನುತ್ತದೆ. ಪೆಟ್ರೋಲ್ ಆರು ಸಾವಿರದ ತನಕ ಎಳೆಯುತ್ತಲೇ ಹೋಗುತ್ತದೆ. ಒಂದೇ ಗೇರಿನಲ್ಲಿ ಓವರ್‌ಟೇಕ್ ಮುಗಿಯುತ್ತದೆ. ಎಂಜಿನ್ ಹಗುರ, ಹಾಗಾಗಿ ಮುಂಭಾಗ ಹಗುರ, ತಿರುವಿನಲ್ಲಿ ಚುರುಕಾಗಿ ತಿರುಗುತ್ತದೆ. ಒಳಗೆ ಸದ್ದು ಕಡಿಮೆ, ನಡುಕ ಕಡಿಮೆ. ಮಕ್ಕಳು ಹಿಂದೆ ನಿದ್ದೆ ಮಾಡುತ್ತಾರೆ.

ಕ್ರೆಟಾ ಉದಾಹರಣೆ ನೋಡಿ. 1.5 ಲೀಟರ್ ಡೀಸೆಲ್ ಶಕ್ತಿ 116 ಪಿಎಸ್, ಎಳೆತ 250 ನ್ಯೂಟನ್ ಮೀಟರ್. ಅದೇ 1.5 ಲೀಟರ್ ಟರ್ಬೊ ಪೆಟ್ರೋಲ್ 160 ಪಿಎಸ್, 253 ನ್ಯೂಟನ್ ಮೀಟರ್. ಎಳೆತ ಸಮ, ಓಟ ಬಹಳ ಮುಂದೆ. ಆಟೊಮ್ಯಾಟಿಕ್‌ನಲ್ಲಿ ಕಂಪನಿ ಹೇಳುವ ಮೈಲೇಜ್ ಪೆಟ್ರೋಲಿಗೆ 18.4, ಡೀಸೆಲ್ಲಿಗೆ 19.1. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದುಡ್ಡು ಯಾಕೆ?

ಗುಬ್ಬಿ ಗೇಟ್ ಮೆಕ್ಯಾನಿಕ್

ಕೋಲಾರದವರೇ, ಆ 18.4 ಮತ್ತು 19.1 ಎರಡೂ ಪರೀಕ್ಷಾ ಕೋಣೆಯ ಸಂಖ್ಯೆ. ರೋಲರ್ ಮೇಲೆ, ಮೆದುವಾಗಿ ವೇಗ ಏರಿಸಿ ಅಳೆಯುವುದು. ಅಂಥ ಓಟದಲ್ಲಿ ಟರ್ಬೊ ಹೆಚ್ಚು ಕೆಲಸ ಮಾಡುವುದೇ ಇಲ್ಲ. ಅದಕ್ಕೇ ಟರ್ಬೊ ಪೆಟ್ರೋಲ್ ಅಲ್ಲಿ ಅಷ್ಟು ಒಳ್ಳೆಯ ಅಂಕ ತೆಗೆಯುತ್ತದೆ. ರಸ್ತೆಗೆ ಬಂದಾಗ ಡೀಸೆಲ್ ಆ ಸಂಖ್ಯೆಯಿಂದ ಸ್ವಲ್ಪ ಇಳಿಯುತ್ತದೆ, ಟರ್ಬೊ ಪೆಟ್ರೋಲ್ ಬಹಳ ಇಳಿಯುತ್ತದೆ. ನಮ್ಮಲ್ಲಿಗೆ ಸರ್ವಿಸಿಗೆ ಬರುವ ಕಾರುಗಳ ಮೀಟರ್ ನೋಡಿದರೆ ಇದು ಕಣ್ಣಿಗೆ ಕಾಣುತ್ತದೆ.

ಮತ್ತೆ, ಕೇಳಿದವರು ನೋಡುತ್ತಿರುವುದು ಕ್ರೆಟಾ ಅಲ್ಲ. ನೆಕ್ಸಾನ್ ಪೆಟ್ರೋಲ್ 170 ನ್ಯೂಟನ್ ಮೀಟರ್, ಡೀಸೆಲ್ 260. 3ಎಕ್ಸ್‌ಒ ಡೀಸೆಲ್ 300. ಈ ಅಳತೆಯ ಕಾರುಗಳಲ್ಲಿ ಎಳೆತದ ವ್ಯತ್ಯಾಸ ದೊಡ್ಡದು. ನಾಲ್ಕು ಜನ ಕೂತು ಸಾಮಾನು ಹಾಕಿದ ಕಾರು ಐವತ್ತರಿಂದ ಎಂಬತ್ತಕ್ಕೆ ಏರುವುದು ಲಾರಿ ದಾಟುವಾಗ ಮುಖ್ಯ. ಅಲ್ಲಿ ಡೀಸೆಲ್ ಗೇರ್ ಇಳಿಸದೆಯೇ ಎಳೆಯುತ್ತದೆ. ಖಾಲಿ ರಸ್ತೆಯಲ್ಲಿ ನಿಂತಲ್ಲಿಂದ ನೂರು ಮುಟ್ಟುವ ಓಟದಲ್ಲಿ ಪೆಟ್ರೋಲ್ ಗೆಲ್ಲಬಹುದು, ಒಪ್ಪುತ್ತೇನೆ.

ಈಗ ಮೇಷ್ಟ್ರ ಮಾತಿಗೆ. ಸಾವಿರ ದಾಟಿದರೆ ಡೀಸೆಲ್ ಅನ್ನುವ ಸೂತ್ರ ಬಿಎಸ್ 4 ಎಂಬ ಹಳೆಯ ಹೊಗೆ ನಿಯಮದ ಕಾಲಕ್ಕೆ ಸರಿ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಅಲ್ಲಿಂದ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜಾಲರಿ ಕೂತಿದೆ. ಎಂಜಿನ್ ಬಿಡುವ ಮಸಿಯನ್ನು ಅದು ಹಿಡಿದಿಡುತ್ತದೆ. ತುಂಬಿದ ಮೇಲೆ ಒಳಗೇ ಸುಡಬೇಕು. ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು. ಮೂರು ಕಿಲೋಮೀಟರಿನ ಓಟದಲ್ಲಿ ಎಂಜಿನ್ ಸರಿಯಾಗಿ ಬಿಸಿ ಆಗುವುದೇ ಇಲ್ಲ, ಇನ್ನು 600 ಡಿಗ್ರಿ ಎಲ್ಲಿಂದ ಬರಬೇಕು?

ಆಗ ಕಂಪ್ಯೂಟರ್ ತಾನಾಗಿಯೇ ಸುಡಲು ನೋಡುತ್ತದೆ. ಹೊಗೆ ಬಿಸಿ ಮಾಡಲು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಕೆಲಸಕ್ಕೆ ಹತ್ತು ಹದಿನೈದು ನಿಮಿಷ ನಿಲ್ಲದೆ ಓಡಬೇಕು. ಅಷ್ಟರಲ್ಲಿ ನೀವು ಶಾಲೆ ಮುಂದೆ ನಿಲ್ಲಿಸಿ ಕೀ ತೆಗೆದಿರುತ್ತೀರಿ. ಸುಡುವುದು ಅರ್ಧಕ್ಕೆ ನಿಂತಿತು. ಸುಡದೆ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿದು ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಇದು ಮತ್ತೆ ಮತ್ತೆ ಆದರೆ ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಟ್ಟ ಇಳಿಯುವ ಬದಲು ಏರಿರುತ್ತದೆ! ಮಟ್ಟ ಏರಿದ್ದರೆ ಖುಷಿ ಪಡಬೇಡಿ, ಕೂಡಲೇ ಬದಲಿಸಿ. ತೆಳ್ಳಗಾದ ಆಯಿಲ್‌ನಲ್ಲಿ ಮೊದಲು ಸವೆಯುವುದು ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತುವ ಟರ್ಬೊ.

ಅದಕ್ಕೇ ನಾನು ಗಿರಾಕಿಗಳನ್ನು ತಿಂಗಳಿಗೆ ಎಷ್ಟು ಓಡುತ್ತೀರಿ ಅಂತ ಮೊದಲು ಕೇಳುವುದಿಲ್ಲ. ಒಂದು ಸಲ ಸ್ಟಾರ್ಟ್ ಮಾಡಿದರೆ ಎಷ್ಟು ದೂರ ಓಡುತ್ತೀರಿ ಅಂತ ಕೇಳುತ್ತೇನೆ. ತಿಂಗಳಿಗೆ 1,500 ಕಿಲೋಮೀಟರ್ ಓಡಿಸಿದರೂ ಎಲ್ಲವೂ ನಾಲ್ಕು ನಾಲ್ಕು ಕಿಲೋಮೀಟರಿನ ತುಂಡು ಆಗಿದ್ದರೆ ಬಿಎಸ್ 6 ಡೀಸೆಲ್ ಆ ಮನೆಗೆ ಹೊಂದುವುದಿಲ್ಲ. ತಿಂಗಳಿಗೆ ಎಂಟುನೂರೇ ಆದರೂ ಉದ್ದದ ಓಟ ಇದ್ದರೆ ಚೆನ್ನಾಗಿ ಬಾಳುತ್ತದೆ.

ಮಧುಗಿರಿ ಮೇಷ್ಟ್ರು

ಈ ವಿವರಣೆಗೆ ಧನ್ಯವಾದ. ಹಾಗಾದರೆ ಬಟವಾಡಿಯವರ ವಿಷಯದಲ್ಲಿ ಪಾವಗಡದ ಓಟವೇ ಜಾಲರಿ ತೊಳೆಯುವ ಓಟ ಆಯಿತು. ಎರಡು ಗಂಟೆ ನಿಲ್ಲದೆ ಓಡುತ್ತದೆ. ವಾರಕ್ಕೊಮ್ಮೆ ಹೋಗುತ್ತಿದ್ದರೆ ಊರೊಳಗಿನ ತುಂಡು ಓಟದ ಮಸಿ ಅಲ್ಲೇ ಸುಟ್ಟುಹೋಗುತ್ತದೆ ಅಲ್ವಾ?

ಗುಬ್ಬಿ ಗೇಟ್ ಮೆಕ್ಯಾನಿಕ್

ಹೌದು. ವಾರಕ್ಕೊಮ್ಮೆ ಅಂಥ ಓಟ ಇದ್ದರೆ ತೊಂದರೆ ಇಲ್ಲ. ಗಾಡಿ ನಿಂತಿದ್ದಾಗ ಎಂಜಿನ್ ಸುತ್ತುವ ವೇಗ (ಐಡಲಿಂಗ್) ಸ್ವಲ್ಪ ಏರಿದ್ದು, ಫ್ಯಾನ್ ಜೋರಾಗಿ ತಿರುಗುತ್ತಿರುವುದು, ಮೈಲೇಜ್ ಇದ್ದಕ್ಕಿದ್ದಂತೆ ಇಳಿದಿರುವುದು ಕಂಡರೆ ಜಾಲರಿ ಸುಡುತ್ತಿದೆ ಅಂತ ತಿಳಿಯಿರಿ. ಆಗ ಆಫ್ ಮಾಡದೆ ಹಾಗೇ ಕ್ಯಾತ್ಸಂದ್ರ ಕಡೆ ಹೈವೇಯಲ್ಲಿ ಒಂದು ಸುತ್ತು ಹೊಡೆದು ಬನ್ನಿ.

ತಿಪಟೂರು ತೆಂಗು

ಇಷ್ಟೆಲ್ಲ ತಲೆನೋವು ಯಾಕೆ? ನಮ್ಮ ಮನೆಯಲ್ಲಿ 1.3 ಲೀಟರ್ ಡೀಸೆಲ್ ಸ್ವಿಫ್ಟ್ ಇದೆ, ಬಿಎಸ್ 4. ತೋಟಕ್ಕೂ ಅದೇ, ತುಮಕೂರಿಗೂ ಅದೇ, ಧರ್ಮಸ್ಥಳಕ್ಕೂ ಅದೇ. ಇಪ್ಪತ್ತು ದಾಟಿಯೇ ಕೊಡುತ್ತದೆ. ಹಿಂದಿನ ಸೀಟು ಮಡಚಿ ಕೊಬ್ಬರಿ ಚೀಲ ಹಾಕಿದರೂ ಜಗ್ಗುವುದಿಲ್ಲ. ಮಾರುತಿಯವರು 2020ರಲ್ಲಿ ಡೀಸೆಲ್ ನಿಲ್ಲಿಸಿದಾಗ ನನಗೆ ನಿಜವಾಗಿ ಬೇಜಾರಾಯಿತು. ರೈತನಿಗೆ ಅಂಥ ಎಂಜಿನ್ ಮತ್ತೆ ಸಿಗಲ್ಲ. ಹಳೆಯದೇ ಒಳ್ಳೆಯದು ಹುಡುಕಿ ತೆಗೆದುಕೊಳ್ಳಿ ಅಂತ ನನ್ನ ಸಲಹೆ. ಬಿಎಸ್ 4 ಕಾಲದ ಚಿಕ್ಕ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಈ ಜಾಲರಿ ಇರುವುದಿಲ್ಲ.

ಬಟವಾಡಿ ನಿವಾಸಿ

ಹಳೆಯದು ಬೇಡ ಅಂತ ಮನೆಯಲ್ಲಿ ಹಟ. ಇನ್ನೊಂದು ಭಯವೂ ಇದೆ. ಡೀಸೆಲ್ ಕಾರು ಹತ್ತು ವರ್ಷಕ್ಕೇ ಗುಜರಿಗೆ ಹಾಕಬೇಕು ಅನ್ನುತ್ತಾರಲ್ಲ?

ಚಿಕ್ಕಬಳ್ಳಾಪುರ ಎನ್‌ಎಚ್ 44

ಆ ಹತ್ತು ವರ್ಷದ ಮಾತು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಅಲ್ಲಿಯ ಗಾಳಿ ಕೆಟ್ಟಿದೆ ಅಂತ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳಿಂದ ಬಂದದ್ದು. ಕರ್ನಾಟಕದಲ್ಲಿ ಪೆಟ್ರೋಲ್ ಆಗಲಿ ಡೀಸೆಲ್ ಆಗಲಿ ನೋಂದಣಿ 15 ವರ್ಷ. ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಿಸಬಹುದು. ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಿ ಒಳ್ಳೆಯ ಡೀಸೆಲ್ ಗಾಡಿಗಳನ್ನು ಅಗ್ಗಕ್ಕೆ ಕೊಟ್ಟವರನ್ನು ನಮ್ಮೂರಿನಲ್ಲೂ ನೋಡಿದ್ದೇನೆ, ಸಂಕಟ ಆಗುತ್ತದೆ.

ನೀವು ನಾಲ್ಕು ಮೀಟರ್ ಒಳಗೆ ನೋಡುತ್ತಿರುವುದು ಒಳ್ಳೆಯದೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಬಂದ ಜಿಎಸ್‌ಟಿ ದರದಲ್ಲಿ ನಾಲ್ಕು ಮೀಟರ್ ಒಳಗಿದ್ದು, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದಿದ್ದರೆ ಶೇ 18. ಮೀರಿದರೆ ಶೇ 40. ನೀವು ಹೇಳಿದ ಎರಡೂ ಕಾರುಗಳ ಎರಡೂ ಎಂಜಿನ್ ಶೇ 18ರ ಒಳಗೇ ಬರುತ್ತವೆ. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಕಾರಿನ ಬೆಲೆಯ ಮೇಲೆ ಹಾಕುವುದು, ಬೆಲೆ ಏರಿದಂತೆ ದರವೂ ಏರುತ್ತದೆ. ಷೋರೂಮ್ ಬೆಲೆಯಲ್ಲಿ ಒಂದು ಲಕ್ಷ ವ್ಯತ್ಯಾಸ ಇದ್ದರೆ ಆನ್‌ರೋಡ್‌ನಲ್ಲಿ ಅದು ಇನ್ನೂ ದೊಡ್ಡದಾಗುತ್ತದೆ. ಲೆಕ್ಕಕ್ಕೆ ಆನ್‌ರೋಡ್ ಬೆಲೆಯನ್ನೇ ಹಿಡಿಯಿರಿ.

ಇನ್ನು ಬೆಟ್ಟದ ಮಾತು. ನಂದಿ ಬೆಟ್ಟ 1,478 ಮೀಟರ್ ಎತ್ತರ. ನಾನು ಎರಡೂ ತರಹದ ಗಾಡಿ ಹತ್ತಿಸಿದ್ದೇನೆ. ಹೇರ್‌ಪಿನ್ ತಿರುವಿನಲ್ಲಿ ವೇಗ ಪೂರ್ತಿ ಸತ್ತುಹೋದಾಗ ಚಿಕ್ಕ ಟರ್ಬೊ ಪೆಟ್ರೋಲ್ ಒಂದು ಕ್ಷಣ ತಡವರಿಸುತ್ತದೆ. ಸುತ್ತು 1,500 ದಾಟುವ ತನಕ ಟರ್ಬೊ ಸರಿಯಾಗಿ ಎದ್ದಿರುವುದಿಲ್ಲ. ಫಸ್ಟ್ ಗೇರಿಗೆ ಇಳಿಸಲೇಬೇಕು. ಡೀಸೆಲ್‌ನಲ್ಲೂ ಆ ತಡೆ ಇದೆ, ಆದರೆ ಎಂಜಿನ್ ದೊಡ್ಡದಾದ್ದರಿಂದ ಸೆಕೆಂಡ್ ಗೇರಿನಲ್ಲೇ ತೆವಳಿಕೊಂಡು ಬರುತ್ತದೆ. ನಿಮ್ಮ ದೇವರಾಯನದುರ್ಗದ ಮೇಲಿನ ತಿರುವುಗಳೂ ಹೀಗೇ ಅಲ್ವಾ? ಅಲ್ಲಿ ಓಡಿಸಿ ನೋಡಿ.

ಕೋಲಾರದ ಹೈವೇ

ಎತ್ತರದ ವಿಷಯ ಬಂದದ್ದಕ್ಕೆ ಒಂದು ಮಾತು. ಕೆಲವರು ಇಲ್ಲಿ ಟರ್ಬೊ ಇಲ್ಲದ ಮಾಮೂಲಿ ಪೆಟ್ರೋಲ್ ಸಾಕು ಅನ್ನಬಹುದು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಸಮುದ್ರ ಮಟ್ಟದಿಂದ ಎಂಟು ಒಂಬತ್ತು ನೂರು ಮೀಟರ್ ಮೇಲಿವೆ. ಇಲ್ಲಿಯ ಗಾಳಿ ಚೆನ್ನೈ ಗಾಳಿಗಿಂತ ಶೇ 8ರಿಂದ 9 ತೆಳು. ಮಾಮೂಲಿ ಎಂಜಿನ್ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಆ ಕೊರತೆ ತುಂಬುತ್ತದೆ. ಪೆಟ್ರೋಲ್ ಇರಲಿ ಡೀಸೆಲ್ ಇರಲಿ, ನಮ್ಮ ಕಡೆ ಟರ್ಬೊ ಇದ್ದರೆ ಗೊತ್ತಾಗುತ್ತದೆ.

ಮೆಕ್ಯಾನಿಕ್ ಅವರು ಡೀಸೆಲ್ ಜಾಲರಿಯ ಬಗ್ಗೆ ಹೇಳಿದ್ದು ಓದಿದ ಮೇಲೆ ನನಗಂತೂ ಬಟವಾಡಿಯವರಿಗೆ ಪೆಟ್ರೋಲೇ ಸರಿ ಅನ್ನಿಸುತ್ತಿದೆ. ವಾರದಲ್ಲಿ ಐದಾರು ದಿನ ಆ ಕಾರು ಊರು ಬಿಟ್ಟು ಹೊರಗೆ ಹೋಗುವುದಿಲ್ಲವಲ್ಲ.

ಮಧುಗಿರಿ ಮೇಷ್ಟ್ರು

ಪೆಟ್ರೋಲ್ ಕಡೆ ಇರುವವರು ಇ20 ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಜಿಲ್ಲೆಯವರಿಗೆ ಆ ದಿನಾಂಕ ನೆನಪಿರಬಹುದು. 2023ರ ಫೆಬ್ರುವರಿ 6. ಅವತ್ತು ಪ್ರಧಾನಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಮಾಡಿ, ಅದೇ ದಿನ ಗುಬ್ಬಿ ತಾಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೆ ಬಂದಿದ್ದರು. ಈಗ ಬಹುತೇಕ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20 ಎಥನಾಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಲೀಟರಿಗೆ ಸಿಗುವ ದೂರ ಸ್ವಲ್ಪ ಇಳಿಯುತ್ತದೆ. ಡೀಸೆಲ್ಲಿಗೆ ಆ ಹೊಡೆತ ಇಲ್ಲ.

ಗುಬ್ಬಿ ಗೇಟ್ ಮೆಕ್ಯಾನಿಕ್

ಮೈಲೇಜ್ ಇಳಿಯುವುದು ನಿಜ. ಆದರೆ ಎಥನಾಲ್ ನಾಕಿಂಗ್ ತಡೆಯುತ್ತದೆ. ಇ20ಗೆ ಅಂತಲೇ ಮಾಡಿದ ಹೊಸ ಟರ್ಬೊ ಎಂಜಿನ್ನಿಗೆ ಅದರಿಂದ ಹೆದರಿಕೆ ಇಲ್ಲ. 2023ಕ್ಕಿಂತ ಹಳೆಯ ಕಾರು ಕೊಳ್ಳುವವರು ಮಾತ್ರ ರಬ್ಬರ್ ಪೈಪು, ಸೀಲು ತೋರಿಸಿಕೊಳ್ಳಿ. ಹೊಸ ಕಾರಿಗೆ ಇದು ದೊಡ್ಡ ವಿಷಯವಲ್ಲ.

ಶಿರಾ ಗೇಟ್ ಗೃಹಿಣಿ

ಎಲ್ಲರೂ ಗಂಡಸರ ಭಾನುವಾರದ ಓಟದ ಮೇಲೇ ಮಾತಾಡುತ್ತಿದ್ದೀರಿ. ವಾರವಿಡೀ ಆ ಕಾರು ಓಡಿಸುವವರು ಅವರ ಹೆಂಡತಿ. ನಾನೂ ಹಾಗೇ ದಿನಾ ಊರೊಳಗೆ ಓಡಿಸುವವಳು. ನಮ್ಮದು ಡೀಸೆಲ್ ಮ್ಯಾನುಯಲ್. ಕ್ಲಚ್ ಭಾರ. ಶಾಲೆ ಬಿಡುವ ಹೊತ್ತಿಗೆ ಅಶೋಕ ರಸ್ತೆಯಲ್ಲಿ ಅರ್ಧ ಗಂಟೆ ತೆವಳಿದರೆ ಎಡಗಾಲು ನೋಯುತ್ತದೆ. ಎಳೆತ ಚೆನ್ನಾಗಿದೆ, ಕಾಲು ಬಿಟ್ಟರೂ ಸೆಕೆಂಡ್ ಗೇರಿನಲ್ಲಿ ತಾನೇ ಮುಂದೆ ಹೋಗುತ್ತದೆ, ಅದು ಅನುಕೂಲವೇ. ಆದರೂ ಟೆಸ್ಟ್ ಡ್ರೈವ್ ಅವರೇ ಮಾಡಲಿ, ಅದೂ ಸಂಜೆ ನಾಲ್ಕಕ್ಕೆ.

ಎಎಂಟಿ ಅಥವಾ ಡಿಸಿಟಿ ತರಹದ ಆಟೊಮ್ಯಾಟಿಕ್ ಗೇರ್ ನೋಡುತ್ತಿದ್ದರೆ ಅದನ್ನೂ ಟ್ರಾಫಿಕ್‌ನಲ್ಲೇ ನೋಡಿ. ಇವುಗಳ ಒಳಗೂ ಕ್ಲಚ್ಚೇ ಇರುವುದು. ಇಂಚಿಂಚು ಜರುಗಿಸಿದರೆ ಬಿಸಿಯಾಗುತ್ತದೆ. ಮುಂದಿನ ಗಾಡಿಗೆ ಜಾಗ ಬಿಟ್ಟು ಒಮ್ಮೆಗೇ ಹೋಗುವ ಅಭ್ಯಾಸ ಒಳ್ಳೆಯದು.

ಬಟವಾಡಿ ನಿವಾಸಿ

ಈ ಮಾತು ಮನೆಯಲ್ಲಿ ಓದಿ ಹೇಳಿದೆ. "ಸರಿಯಾಗಿ ಹೇಳಿದ್ದಾರೆ" ಅಂದಳು. ಟೆಸ್ಟ್ ಡ್ರೈವ್ ಅವಳದ್ದೇ.

ಒಂದು ವಿಷಯ ಮೊದಲೇ ಬರೆಯಬೇಕಿತ್ತೇನೋ. ಅಮ್ಮನಿಗೆ ವಯಸ್ಸಾಯಿತು. ಪಾವಗಡದ ಮನೆ ಬಾಡಿಗೆಗೆ ಕೊಟ್ಟು ನಮ್ಮ ಜೊತೆ ತುಮಕೂರಿಗೇ ಬಂದುಬಿಡಿ ಅಂತ ಕೇಳುತ್ತಿದ್ದೇವೆ. ಮುಂದಿನ ವರ್ಷದ ಹೊತ್ತಿಗೆ ಒಪ್ಪಬಹುದು.

ಮಧುಗಿರಿ ಮೇಷ್ಟ್ರು

ಹಾಗಿದ್ದರೆ ನನ್ನ ಲೆಕ್ಕ ಪೂರ್ತಿ ಬದಲಾಗುತ್ತದೆ. ಪಾವಗಡ ತೆಗೆದರೆ ಉಳಿಯುವುದು ಆ 250, ಸ್ವಲ್ಪ ಹೆಚ್ಚೇ ಹಿಡಿದು ತಿಂಗಳಿಗೆ 300 ಕಿಲೋಮೀಟರ್ ಅನ್ನೋಣ, ಅದೂ ಊರೊಳಗೆ. ಪೆಟ್ರೋಲಿಗೆ 2,940 ರೂಪಾಯಿ, ಡೀಸೆಲ್ಲಿಗೆ 1,950. ಉಳಿತಾಯ ಸಾವಿರ ರೂಪಾಯಿ ಕೂಡ ಇಲ್ಲ. ಒಂದೂವರೆ ಲಕ್ಷ ವಾಪಸ್ ಬರಲು ಹನ್ನೆರಡು ವರ್ಷದ ಮೇಲೆ ಬೇಕು. ಮೆಕ್ಯಾನಿಕ್ ಅವರು ಹೇಳಿದ ಮಸಿಯ ಕಾಟ ಬೇರೆ. ಡೀಸೆಲ್ ಬೇಡ.

ತಿಪಟೂರು ತೆಂಗು

ಅಮ್ಮ ಬಂದ ಮೇಲೆ ಹೊಲ ಯಾರು ನೋಡುತ್ತಾರೆ? ಪಾವಗಡಕ್ಕೆ ಹೋಗುವುದು ಪೂರ್ತಿ ನಿಲ್ಲುತ್ತದಾ? ನಮ್ಮಲ್ಲೂ ಅಪ್ಪ ಊರು ಬಿಟ್ಟು ಬಂದರು, ಆದರೂ ಬೆಳೆ, ಬೋರ್‌ವೆಲ್, ಬ್ಯಾಂಕು ಅಂತ ತಿಂಗಳಿಗೆರಡು ಸಲ ಹೋಗಲೇಬೇಕು. ಇದನ್ನು ಮೊದಲು ಕೇಳಿಕೊಳ್ಳಿ.

ಬಟವಾಡಿ ನಿವಾಸಿ

ಹೊಲ ಇಲ್ಲ, ಮನೆ ಮಾತ್ರ. ಹಬ್ಬಕ್ಕೆ, ಜಾತ್ರೆಗೆ ಹೋಗುತ್ತೇವೆ. ವರ್ಷಕ್ಕೊಂದೆರಡು ದೂರದ ಪ್ರವಾಸ.

ಗುಬ್ಬಿ ಗೇಟ್ ಮೆಕ್ಯಾನಿಕ್

ಹಾಗಾದರೆ ಟರ್ಬೊ ಪೆಟ್ರೋಲ್ ತೆಗೆದುಕೊಳ್ಳಿ. ಮ್ಯಾನುಯಲ್ಲೋ ಆಟೊಮ್ಯಾಟಿಕ್ಕೋ ನಿಮ್ಮ ಮನೆಯವರು ಹೇಳಲಿ. ಅಮ್ಮ ಬರುವ ತನಕ ಪಾವಗಡಕ್ಕೆ ಓಡಾಡುವಾಗ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಜಾಸ್ತಿ ಖರ್ಚಾಗುತ್ತದೆ, ಅದನ್ನು ಒಪ್ಪಿಕೊಳ್ಳಿ. ಅಮ್ಮ ಬರುವುದು ಖಂಡಿತ ಇಲ್ಲ ಅನ್ನುವುದಾದರೆ ಮಾತ್ರ ಡೀಸೆಲ್. ಆಗ ಅದಕ್ಕಿಂತ ಒಳ್ಳೆಯದಿಲ್ಲ.

ಪೆಟ್ರೋಲ್ ಅಂತ ತುಂಡು ಓಟದಿಂದ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ತಣ್ಣಗಿರುವ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಅದರಲ್ಲಿ ಒಂದಿಷ್ಟು ಆಯಿಲ್‌ಗೆ ಇಳಿಯುತ್ತದೆ. ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಉದ್ದದ ಓಟದಲ್ಲಿ ಆಯಿಲ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ. ಹಾಗಾಗಿ ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಬರೆದ ದರ್ಜೆಯ ಸಿಂಥೆಟಿಕ್ ಆಯಿಲ್ಲನ್ನೇ ಹಾಕಿಸಿ. ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗುಂಯ್ ಅನ್ನಿಸಬೇಡಿ. ಮೊದಲ ಎರಡು ಕಿಲೋಮೀಟರ್ ಮೆದುವಾಗಿ ಓಡಿಸಿ. ಹೈವೇಯಲ್ಲಿ ಜೋರಾಗಿ ಬಂದು ಹೋಟೆಲ್ ಮುಂದೆ ನಿಲ್ಲಿಸಿದ ಕ್ಷಣವೇ ಆಫ್ ಮಾಡಬೇಡಿ. ಒಂದು ನಿಮಿಷ ಹಾಗೇ ಬಿಡಿ, ಟರ್ಬೊ ತಣ್ಣಗಾಗಲಿ.

ತಿಪಟೂರು ತೆಂಗು

ನನಗೊಂದು ಪ್ರಶ್ನೆ. ನಮ್ಮ ತಮ್ಮ ಹೊಸ ಡೀಸೆಲ್ ಎಸ್‌ಯುವಿ ಬುಕ್ ಮಾಡಿದ್ದಾನೆ. ಹೊಗೆ ಶುದ್ಧ ಮಾಡಲು ಅದಕ್ಕೆ ಆಡ್‌ಬ್ಲೂ ಹಾಕಬೇಕಂತೆ. ಅದು ಯೂರಿಯಾ ನೀರು ತಾನೇ? ಗೊಬ್ಬರದ ಅಂಗಡಿಯ ಯೂರಿಯಾ ಕಲಸಿ ಹಾಕಿದರೆ ಆಗಲ್ವಾ ಅಂತ ಅವನ ಸ್ನೇಹಿತರು ತಲೆ ತುಂಬಿದ್ದಾರೆ.

ಗುಬ್ಬಿ ಗೇಟ್ ಮೆಕ್ಯಾನಿಕ್

ಖಂಡಿತ ಬೇಡ. ಆಡ್‌ಬ್ಲೂನಲ್ಲಿ ಶೇ 32.5 ಯೂರಿಯಾ ಇರುವುದು ನಿಜ. ಆದರೆ ಅದು ಬಹಳ ಶುದ್ಧ ಯೂರಿಯಾ, ಲವಣವೆಲ್ಲ ತೆಗೆದ ನೀರು. ಹೊಲಕ್ಕೆ ಹಾಕುವ ಯೂರಿಯಾಗೆ ಬೇವಿನೆಣ್ಣೆ ಲೇಪನ ಇರುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಎಷ್ಟು ಸುಣ್ಣ ಇದೆ ಅಂತ ನಿಮಗೇ ಗೊತ್ತು. ಅದು ಇಂಜೆಕ್ಟರಿನಲ್ಲಿ ಗಟ್ಟಿಯಾಗಿ ಕೂತರೆ ಪಂಪು, ಇಂಜೆಕ್ಟರ್, ಹೊಗೆ ಶುದ್ಧ ಮಾಡುವ ಕೆಟಲಿಸ್ಟ್ ಎಲ್ಲ ಹೋಗುತ್ತದೆ. ವಾರಂಟಿಯೂ ಸಿಗಲ್ಲ. ಬಂಕಿನಲ್ಲಿ ಸೀಲ್ ಮಾಡಿದ ಕ್ಯಾನ್ ಸಿಗುತ್ತದೆ, ಅದನ್ನೇ ಹಾಕಲಿ. ಮೀಟರಿನಲ್ಲಿ ಕಡಿಮೆ ಇದೆ ಅಂತ ತೋರಿಸಿದಾಗಲೇ ತುಂಬಿಸಲಿ. ಪೂರ್ತಿ ಖಾಲಿಯಾದ ಮೇಲೆ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಎಷ್ಟೋ ಕಾರುಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕದಲ್ಲೇ ಅದರ ನೀಲಿ ಮುಚ್ಚಳ ಇರುತ್ತದೆ. ಬಂಕಿನ ಹುಡುಗ ತಪ್ಪಿ ಒಂದರಲ್ಲಿ ಇನ್ನೊಂದು ಹಾಕದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಲಿ.

ಬಟವಾಡಿ ನಿವಾಸಿ

ಅಮ್ಮನ ಹತ್ತಿರ ಮಾತಾಡಿದೆ. ಯುಗಾದಿ ಕಳೆದ ಮೇಲೆ ಬರುತ್ತೇನೆ ಅಂದರು. ಶನಿವಾರ ಸಂಜೆ ಟರ್ಬೊ ಪೆಟ್ರೋಲ್ ಟೆಸ್ಟ್ ಡ್ರೈವ್ ಕೇಳಿದ್ದೇವೆ. ಮೊದಲು ಅಶೋಕ ರಸ್ತೆ, ಆಮೇಲೆ ನಾಲ್ಕೂ ಜನ ಕೂತು ದೇವರಾಯನದುರ್ಗ.

ಚಿಕ್ಕಬಳ್ಳಾಪುರ ಎನ್‌ಎಚ್ 44

ಒಳ್ಳೆಯದು. ಹೋಗುವಾಗ ಎಸಿ ಹಾಕಿಕೊಂಡೇ ಹತ್ತಿಸಿ. ಮೀಟರಿನ ಟ್ರಿಪ್ ಸೊನ್ನೆ ಮಾಡಿ ಊರೊಳಗಿನದ್ದು ಬೇರೆ, ಬೆಟ್ಟದ್ದು ಬೇರೆ ಬರೆದುಕೊಳ್ಳಿ. ಇಲ್ಲಿ ಹಾಕಿದರೆ ಮೇಷ್ಟ್ರು ಊಹಿಸಿದ ಹತ್ತೂವರೆ ಸರಿಯೋ ಇಲ್ಲವೋ ನಮಗೂ ತಿಳಿಯುತ್ತದೆ.